ಹದಿನೇಳರಿಂದ ಹದಿನಾಲ್ಕಕ್ಕೆ

ಕಾರು ಇಟ್ಟುಕೊಂಡ ಇಬ್ಬರು ಎದುರಾದರೆ ಕುಶಲಪ್ರಶ್ನೆಯ ಬೆನ್ನಿಗೇ ಬರುವ ಮಾತು, "ನಿಮ್ಮ ಗಾಡಿ ಎಷ್ಟು ಕೊಡ್ತದೆ?" ಎಂಬುದು. ಕರೆಯುವ ಎಮ್ಮೆಯನ್ನು ಕುರಿತು ನಮ್ಮ ಹಿರಿಯರು ಕೇಳುತ್ತಿದ್ದ ಪ್ರಶ್ನೆಯೇ ಇದು. ಎಮ್ಮೆಯ ಹಾಲನ್ನಾದರೋ ಅವರು ಸೇರು-ಪಾವುಗಳಲ್ಲಿ ಅಳೆದು ಹೇಳುತ್ತಿದ್ದರು. ಕಾರಿನ ಮೈಲೇಜನ್ನು ನಮ್ಮವರು ಹೆಚ್ಚಾಗಿ ಅಭಿಮಾನದಿಂದ ಹೇಳುತ್ತಾರೆ. ನನ್ನ ಬಂಧುವರ್ಗದಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಕೊಡುವ ಕಾರು ಒಂದೂ ಇಲ್ಲ, ನನ್ನದೊಂದನ್ನು ಬಿಟ್ಟು.

ನನ್ನದು ಕಡಿಮೆ ಕೊಡುತ್ತದೆ ಎನ್ನುವುದಕ್ಕಿಂತ ನಾನು ಅದನ್ನು ಬರೆದಿಡುತ್ತೇನೆ ಎನ್ನುವುದು ಸರಿ. 2014ರಲ್ಲಿ ಈ ಸಣ್ಣ ಕಾರನ್ನು ಕೊಂಡ ದಿನದಿಂದ, ಉಳಿದುಹೋಗಿದ್ದ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ದಿನಾಂಕ, ಓಡಿದ ಕಿಲೋಮೀಟರು, ತುಂಬಿಸಿದ ಪೆಟ್ರೋಲು ಈ ಮೂರನ್ನು ದಾಖಲಿಸುತ್ತ ಬಂದಿದ್ದೇನೆ. ಕ್ರಮ ಬಹಳ ಸರಳ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನ ಮುಂದೆ, ನಳಿಕೆ ತಾನಾಗಿ 'ಟಕ್' ಎಂದು ನಿಲ್ಲುವವರೆಗೆ ತುಂಬಿಸುವುದು; ಮುಂದಿನ ಸಲವೂ ಹಾಗೆಯೇ ತುಂಬಿಸಿ, ನಡುವೆ ಓಡಿದ ದೂರವನ್ನು ಎರಡನೆಯ ಸಲ ಹಿಡಿಸಿದ ಲೀಟರುಗಳಿಂದ ಭಾಗಿಸುವುದು. ಏಳನೆಯ ತರಗತಿಯ ಹುಡುಗನೂ ಮಾಡಬಹುದಾದ ಲೆಕ್ಕ. "ಐನೂರು ರೂಪಾಯಿಗೆ ಹಾಕಿ" ಎಂದು ಕೇಳುವವರಿಗೆ ಮಾತ್ರ ಇದು ಒದಗುವುದಿಲ್ಲ. ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂಬುದು ಅವರಿಗೆ ಎಂದೂ ತಿಳಿಯುವುದಿಲ್ಲ.

ಇಷ್ಟು ವರ್ಷಗಳ ಅಂಕಿಗಳನ್ನು ನೋಡಿದರೆ ನಮ್ಮ ಕಾರಿಗೂ ಋತುಮಾನವಿರುವುದು ಕಾಣುತ್ತದೆ. ಬೇಸಿಗೆಯಲ್ಲಿ 17.8ರ ಸುತ್ತ, ಆಷಾಢ-ಶ್ರಾವಣಗಳಲ್ಲಿ 17. ನೀರು ನಿಂತ ರಸ್ತೆಯಲ್ಲಿ ಚಕ್ರ ಆ ನೀರನ್ನು ಸೀಳಿಕೊಂಡೇ ಸಾಗಬೇಕು. ಗಾಜಿನ ಮಂಜು ಬಿಡಿಸಲು ಏಸಿ ಹಾಕಬೇಕು. ಸಾಗರದ ಮಳೆಗಾಲದಲ್ಲಿ ದೀಪ ಮತ್ತು ವೈಪರುಗಳಿಗೆ ಬಿಡುವೇ ಇಲ್ಲ. ಆದುದರಿಂದ ಜುಲೈ ತಿಂಗಳ ಅಂಕಿಯನ್ನು ಏಪ್ರಿಲ್ ತಿಂಗಳಿನೊಡನೆ ಹೋಲಿಸಿ ಗಾಬರಿಯಾಗಬಾರದು. ಹಿಂದಿನ ಜುಲೈನೊಡನೆ ಹೋಲಿಸಬೇಕು.

2025ರ ಮಳೆಗಾಲದಲ್ಲಿ ಹಾಗೆ ಹೋಲಿಸಿಯೂ ಸಮಾಧಾನ ಸಿಗಲಿಲ್ಲ. ಜುಲೈ ಮೊದಲ ವಾರದಲ್ಲಿ 15.9 ಬಂತು. ಮುಂದಿನ ಸಲ 14.8. ತಿಂಗಳ ಕೊನೆಗೆ 14.3. ಮನೆಯಾಕೆಯ ಚಿಕಿತ್ಸೆಗಾಗಿ ವಾರಕ್ಕೆರಡು ದಿನ ಶಿವಮೊಗ್ಗಕ್ಕೆ ಹೋಗಿಬರಬೇಕಾಗಿದ್ದ ಕಾಲವದು. ತಿಂಗಳಿಗೆ ಸುಮಾರು 1,200 ಕಿಲೋಮೀಟರು ಓಡುತ್ತಿತ್ತು. ಹದಿನೇಳರ ಲೆಕ್ಕದಲ್ಲಿ 71 ಲೀಟರು ಸಾಕಾಗಬೇಕಾದಲ್ಲಿ 84 ಲೀಟರು ಬೇಕಾಯಿತು. ಹದಿಮೂರು ಲೀಟರೆಂದರೆ ಪಿಂಚಣಿಯಲ್ಲಿ ಬದುಕುವವನಿಗೆ ತಿಂಗಳಿಗೆ ಸಾವಿರದ ಮುನ್ನೂರು-ನಾನೂರು ರೂಪಾಯಿಗಳ ಹೆಚ್ಚುವರಿ ಕೈಬಿಡುವಿಕೆ. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೊಂದಿತ್ತು.

ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯ ತರುವಾಯ ಹೆದ್ದಾರಿಯಲ್ಲಿ ಕಾರು ಓಡಿಸುವುದನ್ನು ಬಿಟ್ಟಿದ್ದೇನೆ. ಆ ಎರಡು ದಿನಗಳಿಗೆಂದು ನಮ್ಮ ಕೇರಿಯದೇ ಒಬ್ಬ ಹುಡುಗ ಚಾಲಕನಾಗಿ ಬರುತ್ತಿದ್ದ. ಇಪ್ಪತ್ತಾರು-ಇಪ್ಪತ್ತೇಳರ ಪ್ರಾಯ, ಮಿತಭಾಷಿ, ಉಳಿದ ದಿನಗಳಲ್ಲಿ ಕರೆದವರ ಗಾಡಿಗಳನ್ನು ಓಡಿಸಿ ಜೀವನ ಸಾಗಿಸುವವನು. ಆಸ್ಪತ್ರೆಯಲ್ಲಿ ನಾವು ಒಳಗಿರುವ ನಾಲ್ಕು ತಾಸು ಕಾರು ಅವನ ವಶದಲ್ಲಿರುತ್ತಿತ್ತು. ಒಂದು ಭಾನುವಾರ ಊಟಕ್ಕೆ ಬಂದಿದ್ದ ನನ್ನ ಭಾವಮೈದುನ, ಹಾಜರಿ ಪುಸ್ತಕವನ್ನು ತಿರುವಿ ನೋಡಿ, ಮಜ್ಜಿಗೆ ಕುಡಿಯುತ್ತ ಸಹಜವಾಗಿ ಹೇಳಿಬಿಟ್ಟರು: "ಭಾವ, ಇದರಲ್ಲಿ ಕಂಡುಹಿಡಿಯೋದೇನಿದೆ? ನಾಲ್ಕು ತಾಸು ಗಾಡಿ ಯಾರ ಕೈಲಿರ್ತದೆ? ಒಂದು ಪೈಪು, ಒಂದು ಕ್ಯಾನು ಇದ್ದರೆ ಮುಗೀತು."

"ಅವನು ಅಂಥವನಲ್ಲ" ಎಂದಳು ನನ್ನಾಕೆ. "ಯಾರೂ ಅಂಥವರಾಗಿ ಕಾಣೋದಿಲ್ಲ ಅಕ್ಕ" ಎಂದರು ಅವರು.

ಈ ಸಂಭಾಷಣೆ ಅಲ್ಲಿಗೆ ಮುಗಿಯಿತಾದರೂ ಅದರ ಪರಿಣಾಮ ಮುಗಿಯಲಿಲ್ಲ. ಸಣ್ಣ ಊರಿನಲ್ಲಿ ಒಬ್ಬ ಚಾಲಕನ ಬಂಡವಾಳವೆಂದರೆ ಅವನ ಹೆಸರು. 'ಮೇಷ್ಟ್ರ ಮನೆಯಲ್ಲಿ ಪೆಟ್ರೋಲ್ ವಿಷಯಕ್ಕೆ ಬಿಡಿಸಿದರಂತೆ' ಎಂಬ ಒಂದು 'ಅಂತೆ' ಸಾಕು, ಅವನಿಗೆ ಬೇರೆಯವರು ಕೀಲಿಕೈ ಕೊಡುವುದನ್ನು ನಿಲ್ಲಿಸಲು. ಮತ್ತೊಂದು ಕಡೆ, ಅವನಲ್ಲಿ ವಿಶ್ವಾಸವಿದೆಯೆಂದು ನಾನು ಬಾಯಲ್ಲಿ ಹೇಳಿದ ಮಾತ್ರಕ್ಕೆ ಆ 14.3 ಎಂಬ ಅಂಕಿ ಅಳಿಸಿಹೋಗುವುದಿಲ್ಲ. ನಂಬಿಕೆ ಬೇರೆ, ಲೆಕ್ಕ ಬೇರೆ. ಅವನನ್ನು ಲೆಕ್ಕದಿಂದಲೇ ಬಿಡಿಸಬೇಕಾಗಿತ್ತು.

ಆಗಸ್ಟ್ ಎರಡನೆಯ ವಾರದಲ್ಲಿ ಆಸ್ಪತ್ರೆಯ ಸರದಿ ಇಲ್ಲದ ಒಂದು ದಿನ, ಶಿವಮೊಗ್ಗದಲ್ಲಿ ಒಂದು ಚಿಕ್ಕ ಕೆಲಸ ಹಚ್ಚಿಕೊಂಡು ಅವನನ್ನು ಕರೆಸಿದೆ. ಬೆಳಿಗ್ಗೆ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಟೆವು. ಆನಂದಪುರ, ಚೋರಡಿ, ಕುಂಸಿ, ಆಯನೂರು ದಾಟಿ ಶಿವಮೊಗ್ಗ. ಕಾರಿನಿಂದ ನಾನು ಇಳಿದದ್ದು ಒಂದೇ ಸಲ, ಅವನನ್ನೂ ಜೊತೆಗೇ ಕಾಫಿಗೆ ಕರೆದುಕೊಂಡು, ಕಾರು ಕಣ್ಣಿಗೆ ಕಾಣುವ ಮೇಜಿನಲ್ಲಿ ಕುಳಿತು. ಸಂಜೆ ಅದೇ ಬಂಕಿಗೆ ಮರಳಿ, ಅದೇ ಪಂಪಿನಲ್ಲಿ ತುಂಬಿಸಿದಾಗ ಓಡಿದ್ದು 146 ಕಿಲೋಮೀಟರು, ಹಿಡಿಸಿದ್ದು 10.2 ಲೀಟರು. ಭಾಗಿಸಿದರೆ ಅದೇ 14.3!

ವಿಜ್ಞಾನದ ಮೇಷ್ಟ್ರಾದವನು ಇಲ್ಲಿ ದೋಷದ ಮಿತಿಯನ್ನೂ ನೋಡಬೇಕು. ನಳಿಕೆ ಟಕ್ಕೆನ್ನುವುದು ಪ್ರತಿಸಲವೂ ಒಂದೇ ಮಟ್ಟದಲ್ಲಲ್ಲ. ಅರ್ಧ ಲೀಟರು ಆಚೀಚೆ ಆಗಬಹುದು. ಆದರೆ ಹದಿನೇಳರ ಲೆಕ್ಕಕ್ಕೆ ಹಿಡಿಸಬೇಕಾಗಿದ್ದುದು 8.6 ಲೀಟರು ಮಾತ್ರ. ಒಂದು ಲೀಟರು ಆರುನೂರು ಮಿಲಿಲೀಟರಿನ ಅಂತರವನ್ನು ನಳಿಕೆಯ ತಲೆಗೆ ಕಟ್ಟುವಂತಿಲ್ಲ. ಇಡೀ ದಿನ ಆ ಪೆಟ್ರೋಲು ನನ್ನ ದೃಷ್ಟಿಯಿಂದ ಆಚೆ ಹೋಗಿರಲಿಲ್ಲ. ಅಂದರೆ ಕಳ್ಳನಿರುವುದು ಕಾರಿನೊಳಗೇ.

ಬಂಕಿನಿಂದ ಮನೆಗೆ ಬರುವಾಗ ಹುಡುಗ ಮೆಲ್ಲನೆ ಕೇಳಿದ: "ಸಾರ್, ಇವತ್ತು ಗಾಡಿ ಪೂರ್ತಿ ನಿಮ್ಮ ಕಣ್ಣೆದುರೇ ಇತ್ತಲ್ವಾ?" ನಾನು "ಹೌದಪ್ಪ, ಇತ್ತು" ಎಂದೆ. ಮತ್ತೆ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಯಾರು ಏನು ಹೇಳದಿದ್ದರೂ ಅವನಿಗೆ ಎಲ್ಲವೂ ತಿಳಿದಿತ್ತು.

ಅಂದು ರಾತ್ರಿಯೇ ಭಾವಮೈದುನರಿಗೆ ದೂರವಾಣಿಯಲ್ಲಿ ಅಂಕಿಗಳನ್ನು ಓದಿ ಹೇಳಿದೆ. ಅವರು ಒಪ್ಪಿದರು, ಒಪ್ಪಿದ ಮರುಕ್ಷಣವೇ ಹೊಸ ಆರೋಪಿಯನ್ನು ತಂದು ನಿಲ್ಲಿಸಿದರು. ಎಥನಾಲ್! ಆ ಆಗಸ್ಟಿನಲ್ಲಿ ದೇಶವೆಲ್ಲ ಅದನ್ನೇ ಚರ್ಚಿಸುತ್ತಿತ್ತು. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ಎಲ್ಲ ಬಂಕುಗಳಿಗೂ ಹಬ್ಬಿತ್ತು. ಈ ಆರೋಪದಲ್ಲಿ ಸತ್ಯಾಂಶವಿದೆ, ಆದರೆ ಎಷ್ಟು ಎಂದು ನೋಡಬೇಕು. ಒಂದು ಲೀಟರು ಪೆಟ್ರೋಲನ್ನು ಉರಿಸಿದರೆ ಸುಮಾರು 32 ಮೆಗಾಜೂಲ್ ಶಕ್ತಿ ಸಿಗುತ್ತದೆ. ಎಥನಾಲಿನಿಂದ ಸುಮಾರು 21. ಹತ್ತನೆಯ ಒಂದು ಪಾಲು ಬೆರೆಸಿದ ಪೆಟ್ರೋಲಿನಿಂದ ಐದನೆಯ ಒಂದು ಪಾಲು ಬೆರೆಸಿದ್ದಕ್ಕೆ ಬಂದರೆ ಶಕ್ತಿ ಕಡಿಮೆಯಾಗುವುದು ಶೇಕಡ ಮೂರೂವರೆಯಷ್ಟು. ಎಥನಾಲಿಗೆಂದು ರೂಪಿಸದ ಹಳೆಯ ಕಾರುಗಳಲ್ಲಿ ಶೇಕಡ 6ರಿಂದ 7ರಷ್ಟು ಕುಸಿತವಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಅದನ್ನೇ ಪೂರ್ತಿ ಒಪ್ಪಿಕೊಂಡರೂ ಹದಿನೇಳು ಇಳಿಯುವುದು ಹದಿನಾರರ ಆಸುಪಾಸಿಗೆ, ಹದಿನಾಲ್ಕಕ್ಕಲ್ಲ. ಮೇಲಾಗಿ ಮಿಶ್ರಣ ಹೆಚ್ಚಿದ್ದು ಎರಡು-ಮೂರು ವರ್ಷಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ನಮ್ಮ ಕಾರು ಕುಸಿದದ್ದು ನಾಲ್ಕು ವಾರಗಳಲ್ಲಿ.

ಕಾರು ರಿಪೇರಿಯ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, 1997ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ತಂಡದವನು. (ಆ ತಂಡದವರು ಯಾರೆಂದು ಊಹಿಸಿಯೇ ಬಿಡುತ್ತೀರಿ, ಅವನ ಸಂಕೋಚಕ್ಕಾಗಿ ಹೆಸರು ಬರೆಯುತ್ತಿಲ್ಲ.) ಅವನಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದೇ ಸಲಕ್ಕೆ ಹತ್ತು ಬಿಡಿಭಾಗ ಬದಲಾಯಿಸಲು ಹೊರಡದ ಅವನ ಸಂಯಮ. ಹತ್ತನ್ನೂ ಬದಲಾಯಿಸಿ ಗಾಡಿ ಸರಿಯಾದರೆ ಯಾವುದರಿಂದ ಸರಿಯಾಯಿತು ಎಂದು ಯಾರಿಗೂ ತಿಳಿಯದು. ಬಿಲ್ಲು ಮಾತ್ರ ತಿಳಿಯುತ್ತದೆ.

ಮೊದಲು ನಾಲ್ಕೂ ಚಕ್ರಗಳ ಗಾಳಿ ನೋಡಿದ. ಸರಿಯಾಗಿತ್ತು. ಏರ್ ಫಿಲ್ಟರಿನ ಮೇಲೆ ಧೂಳಿತ್ತು, "ಇದನ್ನು ಬದಲಾಯಿಸಿದರೆ ಸರಿಹೋದೀತೆ?" ಎಂದು ಕೇಳಿದೆ. ಕಾರ್ಬ್ಯುರೇಟರ್ ಇದ್ದ ಕಾಲದ ಗಾಡಿಗಳಿಗೆ ಆ ಮಾತು ಹೊಂದುತ್ತಿತ್ತು ಎಂದ ಅವನು. ಈಗಿನ ಗಾಡಿಗಳಲ್ಲಿ ಒಳಬರುವ ಗಾಳಿ ಕಡಿಮೆಯಾದರೆ ಪೆಟ್ರೋಲನ್ನೂ ಕಂಪ್ಯೂಟರು ಅದಕ್ಕೆ ತಕ್ಕಂತೆ ಕಡಿಮೆ ಮಾಡುತ್ತದೆ. ಗಾಡಿಯ ಜಿಗಿತ ಕುಗ್ಗೀತೇ ಹೊರತು ಮೈಲೇಜು ಅಷ್ಟಾಗಿ ಕುಗ್ಗದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಇದನ್ನೇ ಪರೀಕ್ಷಿಸಿ ಅದೇ ತೀರ್ಮಾನಕ್ಕೆ ಬಂದಿತ್ತೆಂಬುದನ್ನು ನಾನು ಆಮೇಲೆ ಓದಿದೆ. ಶಿಷ್ಯನಿಗೆ ಅದು ಅನುಭವದಿಂದಲೇ ತಿಳಿದಿತ್ತು.

ಅನಂತರ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಪೆಟ್ರೋಲು ಹೆಚ್ಚಾಗಿ ಅರೆಬರೆ ಉರಿಯುತ್ತಿದ್ದರೆ ತುದಿಗೆ ಕಾಡಿಗೆಯಂಥ ಮಸಿ ಹಿಡಿದಿರಬೇಕು. ಎಲ್ಲವೂ ರಸ್ಕಿನ ತಿಳಿಕಂದು ಬಣ್ಣದಲ್ಲಿದ್ದವು. ಸ್ಕ್ಯಾನರ್ ಜೋಡಿಸಿ ನೋಡಿದರೆ ಯಾವ ದೋಷಸಂಕೇತವೂ ಇಲ್ಲ. ಎಂಜಿನ್ನಿನ ನೀರಿನ ಉಷ್ಣತೆ ಎಷ್ಟಿರಬೇಕೋ ಅಷ್ಟೇ ಇತ್ತು. ಅದು ಏರದೆ ತಣ್ಣಗೇ ಉಳಿದಿದ್ದರೆ, ಎಂಜಿನ್ನು ಇನ್ನೂ ಕಾದಿಲ್ಲವೆಂದು ತಿಳಿದು ಕಂಪ್ಯೂಟರು ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದಂತೆ. ಥರ್ಮೋಸ್ಟಾಟ್ ಕೆಟ್ಟಾಗ ಹೀಗಾಗುವುದುಂಟು. ನಮ್ಮದರಲ್ಲಿ ಆ ಶಂಕೆಗೂ ಎಡೆಯಿಲ್ಲ.

ಈ ಹಂತದಲ್ಲಿ ಅವನೊಂದು ಮಾತು ಹೇಳಿದ. ಇಡೀ ತನಿಖೆಯ ತಿರುವು ಅದೇ ಎಂದು ನನ್ನ ಎಣಿಕೆ. "ಸಾರ್, ಎಂಜಿನ್ನು ತಿಂದಿದ್ದನ್ನು ಸರಿಯಾಗಿ ಜೀರ್ಣ ಮಾಡ್ಕೊಂಡಿದೆ. ಹೆಚ್ಚು ತಿಂದಿದೆ ಅಂದ್ರೆ ಹೆಚ್ಚು ಕೆಲಸ ಮಾಡಿದೆ. ಆ ಕೆಲಸ ಎಲ್ಲಿ ಹೋಯ್ತು ನೋಡ್ಬೇಕು." ಶಕ್ತಿಯ ಅವಿನಾಶಿತ್ವವನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದೇನೆ, ಇಷ್ಟು ಅಚ್ಚುಕಟ್ಟಾಗಿ ಎಂದೂ ಹೇಳಿರಲಿಲ್ಲ.

ಆಗ ಚಾಲಕ ಹುಡುಗ ಮುಂದೆ ಬಂದು, ಜೂನ್ ತಿಂಗಳಿನಿಂದ ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ಎಳೆಯುತ್ತಿದೆ ಎಂದ. ಅದು ನಿಜ, ಅವನು ಆಗಲೇ ಹೇಳಿದ್ದರಿಂದ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ, ಬಣ್ಣಬಣ್ಣದ ಮುದ್ರಿತ ಹಾಳೆಯೊಂದನ್ನು ಪಡೆದು ಬಂದಿದ್ದೆವು. ಹಾಳೆಯ ಪ್ರಕಾರ ಎಲ್ಲ ಕೋನಗಳೂ ಸರಿಯಾಗಿದ್ದವು, ಎಳೆತ ಮಾತ್ರ ನಿಂತಿರಲಿಲ್ಲ. ಎಡಕ್ಕೆ ಏಕೆ ಎಳೆಯುತ್ತಿದೆ ಎಂದು ಚಕ್ರವನ್ನು ಎತ್ತಿ ತಿರುಗಿಸಿ ನೋಡುವ ಶ್ರಮವನ್ನು ಆ ಅಂಗಡಿಯವರು ತೆಗೆದುಕೊಂಡಿರಲಿಲ್ಲ.

"ಹತ್ತು ಕಿಲೋಮೀಟರ್ ಓಡಿಸ್ಕೊಂಡು ಬಾ, ಬರುವಾಗ ಬ್ರೇಕ್ ಆದಷ್ಟು ಕಡಿಮೆ ಹಿಡಿ" ಎಂದು ಹುಡುಗನನ್ನು ಕಳಿಸಿದ. ಅವನು ಮರಳಿದಾಗ, ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಷ್ಣಮಾಪಕವನ್ನು ಅಂಗಡಿಯ ಮೂಲೆಯಿಂದ ತೆಗೆದು ಒಂದೊಂದೇ ಚಕ್ರಕ್ಕೆ ಹಿಡಿದ. 2020-21ರಲ್ಲಿ ಊರೂರಲ್ಲಿ ಕೊಂಡಿಟ್ಟ ಆ ಉಪಕರಣಗಳಿಗೆ ಇಂಥ ಉಪಯೋಗವೂ ಇದೆಯೆಂದು ಯಾರು ಬಲ್ಲರು! ಹಿಂದಿನ ಎರಡು ಚಕ್ರಗಳು 38, 39 ಡಿಗ್ರಿ. ಮುಂದಿನ ಬಲಚಕ್ರ 52. ಮುಂದಿನ ಎಡಚಕ್ರಕ್ಕೆ ಹಿಡಿದರೆ ಅಂಕಿಯೇ ಮೂಡಲಿಲ್ಲ. ಅದರ ಅಳತೆಯನ್ನು ಮೀರಿತ್ತು. ಬಗ್ಗಿದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು. ಜಾಕ್ ಕೊಟ್ಟು ಎತ್ತಿದಾಗ ಬಲಚಕ್ರ ಒಂದು ಕೈಗೆ ತಿರುಗಿತು. ಎಡದ್ದಕ್ಕೆ ಎರಡೂ ಕೈ ಬೇಕಾದವು.

ಬ್ರೇಕು ಹಿಡಿದುಕೊಂಡೇ ಇತ್ತು.

ಬಿಚ್ಚಿದ ಮೇಲೆ ಕಾರಣ ಸ್ಪಷ್ಟವಾಯಿತು. ಮುಂದಿನ ಚಕ್ರದ ಡಿಸ್ಕನ್ನು ಎರಡು ಕಡೆಯಿಂದ ಎರಡು ಪ್ಯಾಡುಗಳು ಅಮುಕುತ್ತವೆಯಷ್ಟೆ? ಆದರೆ ನಮ್ಮಂಥ ಸಣ್ಣ ಕಾರುಗಳಲ್ಲಿ ಕೊಂತ ಇರುವುದು ಒಳಬದಿಗೆ ಮಾತ್ರ. ನಾವು ಪೆಡಲ್ ತುಳಿದಾಗ ಪ್ಯಾಸ್ಕಲನ ನಿಯಮದಂತೆ ದ್ರವದ ಒತ್ತಡ ಆ ಕೊಂತವನ್ನು ತಳ್ಳಿ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಕ್ಯಾಲಿಪರ್ ಎಂಬ ಆ ಇಕ್ಕುಳ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಹೀಗೆ ಸರಿದಾಡಲು ಅದು ಎರಡು ಪಿನ್ನುಗಳ ಮೇಲೆ ಕುಳಿತಿರುತ್ತದೆ. ನೀರು ಹೋಗದಂತೆ ಪಿನ್ನಿಗೊಂದು ರಬ್ಬರಿನ ಕುಪ್ಪಸ. ನಮ್ಮ ಕಾರಿನಲ್ಲಿ ಕೆಳಪಿನ್ನಿನ ರಬ್ಬರು ಹರಿದು, ಹನ್ನೊಂದು ಮಳೆಗಾಲಗಳ ನೀರು ಒಳಸೇರಿ, ತುಕ್ಕು ಹಿಡಿದ ಪಿನ್ನು ಕಚ್ಚಿಕೊಂಡಿತ್ತು. ಪೆಡಲ್ ಬಿಟ್ಟಮೇಲೂ ಇಕ್ಕುಳ ಸಡಿಲವಾಗುತ್ತಿರಲಿಲ್ಲ. ಹೊರಗಿನ ಪ್ಯಾಡು ಏಳು ಮಿಲಿಮೀಟರು ಉಳಿದಿದ್ದರೆ ಒಳಗಿನದು ಎರಡೇ ಮಿಲಿಮೀಟರಿಗೆ ಸವೆದಿತ್ತು. ಡಿಸ್ಕಿಗೆ ಕಾದ ಬಾಣಲೆಯ ನೀಲಿಛಾಯೆ ಬಂದಿತ್ತು.

ಇಷ್ಟಾದರೂ ಓಡಿಸುವವನಿಗೆ ಭಾರವೆನಿಸಲಿಲ್ಲವೇ ಎಂದು ಕೇಳುವವರಿಗಾಗಿ ಮನೆಗೆ ಬಂದು ಲೆಕ್ಕ ಹಾಕಿದೆ. ಶಿವಮೊಗ್ಗಕ್ಕೆ ಒಂದು ದಿಕ್ಕಿನ 72 ಕಿಲೋಮೀಟರಿಗೆ ಬ್ರೇಕಿನ ಪಾಲಿಗೆ ಹೋಗುತ್ತಿದ್ದುದು ಸುಮಾರು 0.7 ಲೀಟರು. ಅದರ ಶಕ್ತಿಯ ನಾಲ್ಕನೆಯ ಒಂದು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆಂದು ಇಟ್ಟುಕೊಂಡರೂ ಐದು ಮೆಗಾಜೂಲಿಗೆ ಮೇಲಾಯಿತು. ದೂರದಿಂದ ಭಾಗಿಸಿದರೆ ಹಿಂದಕ್ಕೆಳೆಯುವ ಬಲ 75 ನ್ಯೂಟನ್. ಅಂದರೆ ಏಳೂವರೆ ಕಿಲೋ ತೂಕದಷ್ಟು. ಜನ ಕುಳಿತ ಕಾರಿನ ತೂಕ ಸಾವಿರ ಕಿಲೋ. ನೂರಮೂವತ್ತು ಅಡಿಗೆ ಒಂದು ಅಡಿ ಏರುವ ರಸ್ತೆಯಲ್ಲಿ ಸದಾ ಹೋಗುತ್ತಿದ್ದಂತೆ! ಅಂಥ ಏರನ್ನು ಯಾವ ಚಾಲಕನೂ ಗುರುತಿಸಲಾರ. ಆದರೆ ಅದೇ ಶಕ್ತಿಯನ್ನು ಶಾಖವಾಗಿ ನೋಡಿದರೆ ಎದೆ ಝಲ್ಲೆನ್ನುತ್ತದೆ: ಒಂದೂವರೆ ತಾಸಿನ ಆ ಪ್ರಯಾಣದಲ್ಲಿ ಹದಿನೇಳು ಲೀಟರು ತಣ್ಣೀರನ್ನು ಕುದಿಸಬಲ್ಲಷ್ಟು ಶಾಖ. ಸ್ನಾನದ ಬಕೆಟ್ಟಿಗೆ ಇಳಿಬಿಡುವ ಸಾವಿರ ವ್ಯಾಟಿನ ಇಮ್ಮರ್ಷನ್ ಹೀಟರೊಂದನ್ನು ಎಡಚಕ್ರಕ್ಕೆ ಕಟ್ಟಿಕೊಂಡು ನಾವು ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿಬರುತ್ತಿದ್ದೆವು.

ಶಿಷ್ಯ ನನಗೆ ತೋರಿಸಿದ್ದು ಇನ್ನೊಂದು ಸಂಗತಿ, ಮತ್ತು ಅದೇ ಹೆಚ್ಚು ಮುಖ್ಯವಾದದ್ದು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುವಂಥದ್ದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವ 205 ಡಿಗ್ರಿಗಿಂತ ಕೆಳಗೆ ಕುದಿಯಕೂಡದೆಂಬುದು ನಿಯಮ. ತೇವ ಹೀರಿಕೊಂಡ ದ್ರವಕ್ಕೆ ಆ ಮಿತಿ 140 ಮಾತ್ರ. ಸದಾ ಕಾದ ಚಕ್ರದಲ್ಲಿ ಹಳೆಯ ದ್ರವ ಕುದಿದು ಆವಿಯ ಗುಳ್ಳೆಯಾದರೆ, ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದು. ಪೆಡಲ್ ತಳದವರೆಗೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ನಾನು ಮೊದಲಿಂದ ತಿಂಗಳಿಗೆ ಸಾವಿರದ ಚಿಲ್ಲರೆ ರೂಪಾಯಿ ಎಂದುಕೊಂಡು ಹುಡುಕುತ್ತಿದ್ದುದು ಇದನ್ನು. ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಕುಳಿತಿರುತ್ತಿದ್ದವಳ ಮುಖ ಆ ಕ್ಷಣ ಕಣ್ಣ ಮುಂದೆ ಬಂತು. ಆಕೆಗೆ ಈ ಭಾಗವನ್ನು ನಾನು ಅಂದು ವಿವರಿಸಲಿಲ್ಲ. ಈಗ ಇಲ್ಲಿ ಓದುತ್ತಾಳೆ.

ರಿಪೇರಿ ಒಂದು ಮಧ್ಯಾಹ್ನದ ಕೆಲಸ. ಹೊಸ ಪಿನ್ನು, ಹೊಸ ರಬ್ಬರು, ರಬ್ಬರನ್ನು ಉಬ್ಬಿಸದ ಸಿಲಿಕೋನ್ ಗ್ರೀಸು, ಎರಡೂ ಮುಂಚಕ್ರಗಳಿಗೆ ಹೊಸ ಪ್ಯಾಡುಗಳು, ಹೊಸ ದ್ರವ. ಒಂದೇ ಬದಿಗೆ ಪ್ಯಾಡು ಹಾಕಿ ಉಳಿತಾಯ ಮಾಡಕೂಡದು, ಮತ್ತೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಡಿಸ್ಕಿನ ದಪ್ಪ ಅಳೆದು ನೋಡಿ ಅದನ್ನು ಹಾಗೆಯೇ ಉಳಿಸಿದ. ಎಲ್ಲ ಸೇರಿ ಎರಡು ಸಾವಿರದ ಏಳುನೂರು ರೂಪಾಯಿ. ಮಜೂರಿ ಬೇಡವೆಂದು ಹಟ ಹಿಡಿದವನಿಗೆ ಗದರಿಸಿ ಕೊಡಬೇಕಾಯಿತು.

ಸೆಪ್ಟೆಂಬರಿನಲ್ಲಿ ಮೊದಲ ಸಲ 16.6 ಬಂತು, ಎರಡನೆಯ ಸಲ 16.7. ಹದಿನೇಳಕ್ಕೆ ಪೂರ್ತಿ ಮರಳಲಿಲ್ಲ. ಆ ಮೂರು ಹತ್ತಾಂಶವನ್ನು ಎಥನಾಲಿನ ಲೆಕ್ಕಕ್ಕೆ ಬರೆದುಕೊಳ್ಳಲು ಭಾವಮೈದುನರಿಗೆ ಅನುಮತಿ ಕೊಟ್ಟಿದ್ದೇನೆ. ಅವರು ಮುಂದಿನ ಸಲ ಬಂದಾಗ ಅಂಗಳದಲ್ಲಿ ಕಾರು ಒರೆಸುತ್ತಿದ್ದ ಹುಡುಗನ ಬಳಿಗೆ ತಾವಾಗಿ ಹೋಗಿ, ತಮ್ಮ ಕಾರಿನ ಚಕ್ರಗಳನ್ನೂ ಒಮ್ಮೆ ಮುಟ್ಟಿ ನೋಡಬೇಕಲ್ಲ ಎಂದರು. ಅವನು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು, "ಮುಟ್ಬೇಡಿ ಅಣ್ಣ, ಕೈ ಸುಡ್ತದೆ. ಹತ್ತಿರ ಹಿಡಿದ್ರೆ ಸಾಕು" ಎಂದು ಕೈ ಹೇಗೆ ಹಿಡಿಯಬೇಕೆಂದು ತೋರಿಸಿಕೊಟ್ಟ.